ಬೆಚ್ಚಗುಂಡಿ ಮತ್ತು ಅಜ್ಜಿಯ ಕೈಗುಣ

ಬಿಸಿಲಿಗೆ ಕಾದ ನೆಲ ಬೇರೆ, ಒಳಗಿನಿಂದ ಕಾದ ನೆಲ ಬೇರೆ. ಬಿಸಿಲಿಗೆ ಕಾದದ್ದು ಮೇಲೆ ಸುಡುತ್ತದೆ, ಬೆರಳಿನಲ್ಲಿ ಒಂದಿಷ್ಟು ಕೆರೆದರೆ ಕೆಳಗೆ ತಣ್ಣಗಿರುತ್ತದೆ. ಒಳಗಿನಿಂದ ಕಾದದ್ದು ಮೇಲೆ ಸುಮ್ಮನೆ ಬೆಚ್ಚಗಿರುತ್ತದೆ, ಕೆರೆದಷ್ಟೂ ಬಿಸಿ ಏರುತ್ತದೆ. ಇದನ್ನು ನನಗೆ ಯಾವ ಮೇಷ್ಟರೂ ಹೇಳಿಕೊಟ್ಟದ್ದಲ್ಲ. ನಮ್ಮೂರಿನ ಮಕ್ಕಳ ಅಂಗಾಲಿಗೆಲ್ಲ ಇದು ಗೊತ್ತಿತ್ತು.

ಕಳೆದ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಅಪ್ಪನ ಮನೆಗೆ ಹೋಗುವಾಗ ಒಂದು ಸ್ಟಾಪು ಮೊದಲೇ ಬಸ್ಸಿಳಿದೆ. ತಮಿಳುನಾಡಿನ ಮೊರಪ್ಪೂರಿನಿಂದ ಅರ್ಧ ಗಂಟೆಯ ದಾರಿ. ಬೆಚ್ಚಗುಂಡಿ ಇದ್ದ ಜಾಗದಲ್ಲಿ ಈಗ ಟಿಪ್ಪರ್ ಲಾರಿಗಳನ್ನು ನಿಲ್ಲಿಸುತ್ತಾರೆ, ಸುತ್ತ ತಂತಿ ಬೇಲಿ ಇದೆ. ನಾನು ಬೇಲಿ ದಾಟಿ ಕುಕ್ಕುರುಗಾಲಲ್ಲಿ ಕೂತು, ನೆಲವನ್ನು ಒಂದು ಗೇಣು ಕೆರೆದು, ಅಂಗೈ ಇಟ್ಟು ನೋಡಿದೆ. ಕಾವಲುಗಾರ ಓಡಿ ಬಂದು, ಕಿವಿಯ ಓಲೆಗೀಲೆ ಬಿದ್ದು ಹೋಯಿತಾ ಅಮ್ಮಾ ಎಂದು ತಮಿಳಿನಲ್ಲಿ ಕೇಳಿದ. ಹೌದಪ್ಪ, ಬಿದ್ದು ಬಹಳ ವರ್ಷವಾಯಿತು ಎಂದೆ. ಅವನಿಗೆ ತಲೆಬುಡ ತಿಳಿಯಲಿಲ್ಲ. ನೆಲ ತಣ್ಣಗಿತ್ತು.

ನಾನು ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಹೊಸೂರು ಕಡೆಗೆ ಬಂದ ಮೇಲೆ. ಅಲ್ಲಿಯವರೆಗೆ ಕನ್ನಡವೆಂದರೆ ನನಗೆ ಅಜ್ಜಿಯ ಬಾಯಿ ಮಾತ್ರ. ಹಾಗಾಗಿ ಕನ್ನಡದಲ್ಲಿ ಏನಾದರೂ ಬರೆಯಬೇಕೆಂದು ಕೂತರೆ ಮೊದಲು ಅವಳೇ ಬಂದು ಎದುರಿಗೆ ಕೂರುತ್ತಾಳೆ. ಇಷ್ಟು ದಿನ ಅವಳನ್ನು ಆಚೆ ಸರಿಸಿ ಬೇರೆ ಬೇರೆ ಬರೆದೆ. ಇನ್ನು ಆಗುವುದಿಲ್ಲ. ಒಂದು ಸುಳ್ಳಿನ ಲೆಕ್ಕ ಅವಳಿಗೂ ನನಗೂ ನಡುವೆ ಇದೆ, ಅದನ್ನು ಹೇಳಿಬಿಡುತ್ತೇನೆ.

ಬೆಚ್ಚಗುಂಡಿ ಮೊದಲು ಕಲ್ಲು ಒಡೆಯುವ ಕ್ವಾರಿಯಾಗಿತ್ತು. ಕಲ್ಲು ಮುಗಿದ ಮೇಲೆ ಗುಂಡಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಎಲ್ಲಿಯದೋ ಒಂದು ಮಿಲ್ಲಿನ ಲಾರಿಗಳು ಬಂದು ಅದರೊಳಗೆ ಬಾಯ್ಲರಿನ ಬೂದಿ ಸುರಿಯತೊಡಗಿದವು. ಬೂದಿಯ ಜೊತೆ ಅರೆಬೆಂದ ಕಲ್ಲಿದ್ದಲು, ಇದ್ದಲಿನ ಪುಡಿ, ಮರಗೆಣಸಿನ ಸಿಪ್ಪೆ, ಏನೇನೋ. ಗುಂಡಿ ತುಂಬಿ ನೆಲದ ಸಮಕ್ಕೆ ಬಂತು. ಲಾರಿ ನಿಂತಿತು. ಊರವರು ಅದನ್ನು ಮರೆತರು. ಒಂದು ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ನೆಲದಿಂದ ಆವಿ ಎದ್ದಿತು. ಮಳೆ ನಿಂತರೂ ಆವಿ ನಿಲ್ಲಲಿಲ್ಲ. ಅಗೆದು ನೋಡಿದವರು ಕೆಳಗೆ ಕೆಂಡ ಕಂಡೆವು ಎಂದರು. ಯಾರೂ ಹಚ್ಚಿದ್ದಲ್ಲ. ಇದ್ದಲಿನ ಪುಡಿ ಒಟ್ಟಿಟ್ಟರೆ ತನ್ನಷ್ಟಕ್ಕೆ ಕಾದು ಹತ್ತಿಕೊಳ್ಳುತ್ತದಂತೆ, ಇದನ್ನು ಆಮೇಲೆ ಕಾಲೇಜಿನಲ್ಲಿ ಓದಿದೆ. ಆಗ ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದೇವರು ಎಂದವರಿದ್ದರು, ದೆವ್ವ ಎಂದವರಿದ್ದರು, ಎದುರುಮನೆಯವರು ಬೀಡಿ ಎಸೆದರು ಎಂದು ಜಗಳ ಕಾಯ್ದವರೂ ಇದ್ದರು. ಕೊಡಗಟ್ಟಲೆ ನೀರು ಸುರಿದರು. ಅದು ಬುಸ್ಸೆಂದು ಹೊಗೆ ಬಿಟ್ಟು ಮತ್ತೆ ತನ್ನ ಪಾಡಿಗೆ ತಾನು ಬೇಯುತ್ತಿತ್ತು. ತಮಿಳಿನವರು ಅದನ್ನು ಸೂಟ್ಟುಕ್ಕುಳಿ ಎಂದರು. ಕನ್ನಡ ಮಾತಾಡುವ ನಾವು ಬೆಚ್ಚಗುಂಡಿ ಎಂದೆವು.

ಎರಡು ವರ್ಷ ಕಳೆಯುವುದರಲ್ಲಿ ಅದು ಊರಿನ ಮನೆಮಾತಾಯಿತು. ನಡುವಿನ ಜಾಗ ಕಾಲಿಡಲಾಗದಷ್ಟು ಬಿಸಿ, ಅಲ್ಲಲ್ಲಿ ಬಿರುಕು, ಬಿರುಕಿನ ಅಂಚಿಗೆ ಹಳದಿ ಪುಡಿ. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಆದರೆ ಬದಿಯ ನೆಲ ಇತ್ತಲ್ಲ, ಅದು ಸ್ವರ್ಗ. ಮಾರ್ಗಳಿ ಅಂದರೆ ಧನುರ್ಮಾಸ, ಆ ತಿಂಗಳ ಬೆಳಗಿನಲ್ಲಿ ನಮ್ಮ ಬಯಲಿನ ಗಾಳಿ ಕಿವಿ ಕೊಯ್ಯುತ್ತದೆ. ಆಗ ಊರಿನ ಅರ್ಧ ಜನ ಅಲ್ಲಿರುತ್ತಿದ್ದರು. ಗಂಡಸರು ಟೀ ಲೋಟ ಹಿಡಿದು ಬರುತ್ತಿದ್ದರು. ಹೆಂಗಸರು ತೊಳೆದ ಕಂಬಳಿ ಹರವುತ್ತಿದ್ದರು. ನಾವು ಮರಗೆಣಸನ್ನು ಮಣ್ಣಿನಲ್ಲಿ ಹೂತಿಟ್ಟು ಸ್ಕೂಲಿಗೆ ಹೋಗಿ, ಮಧ್ಯಾಹ್ನ ಬಂದು ಕಿತ್ತು ತಿನ್ನುತ್ತಿದ್ದೆವು. ಅದಕ್ಕೊಂದು ಗಂಧಕದ ಕಮಟು ವಾಸನೆ ಇರುತ್ತಿತ್ತು. ಈಗ ಎಷ್ಟು ಬೆಣ್ಣೆ ಹಚ್ಚಿ ಬೇಯಿಸಿದರೂ ಆ ವಾಸನೆ ಇಲ್ಲದ ಮರಗೆಣಸು ನನಗೆ ಸಪ್ಪೆ. ಹೇಳಿದರೆ ನನ್ನ ಗಂಡ ನಗುತ್ತಾನೆ. ನಗಲಿ ಬಿಡಿ, ಅವನಿಗೇನು ಗೊತ್ತು.

ಅಲ್ಲಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದವಳು ನಮ್ಮಜ್ಜಿ, ಅಪ್ಪನ ತಾಯಿ. ಅವಳಿಗೆ ಮಂಡಿನೋವು. ಹುಡುಗಿಯಾಗಿದ್ದಾಗಿನಿಂದ ಕುರಿ ಹಿಂದೆ ನಡೆದೂ ನಡೆದೂ ಎರಡು ಮಂಡಿಯೂ ಸವೆದು ಹೋಗಿದ್ದವು. ಯಾವ ಎಣ್ಣೆ, ಯಾವ ಮಾತ್ರೆಗೂ ಬಗ್ಗದ ನೋವು ಬೆಚ್ಚಗುಂಡಿಯ ಮೇಲೆ ಒಂದು ಗಂಟೆ ಕಾಲು ಚಾಚಿ ಕೂತರೆ ಸಡಿಲವಾಗುತ್ತಿತ್ತು. ಪೂರ್ವದ ಬದಿಯಲ್ಲಿ ಅವಳದೇ ಒಂದು ಜಾಗ ಇತ್ತು, ಅವಳು ಕೂತ ಗುರುತು ನೆಲದಲ್ಲಿ ತಗ್ಗಾಗಿ ಬಿದ್ದಿತ್ತು. ಬೇರೆ ಯಾರಾದರೂ ಅಲ್ಲಿ ಕೂತರೆ ಅವಳು ಏನೂ ಅನ್ನದೆ ಎದುರಿಗೆ ನಿಂತು ಉಣ್ಣೆ ನೂಲುತ್ತಿದ್ದಳು, ಕೂತವರು ನಾಚಿ ಏಳುವವರೆಗೆ.

ಅವಳ ಜಾಗದಲ್ಲಿ ಕೂರುವ ಹಕ್ಕು ಇದ್ದದ್ದು ನನಗೊಬ್ಬಳಿಗೆ. ಕೂರುವುದಲ್ಲ, ಮಲಗುವುದು. ನನಗಾಗ ಹತ್ತು ವರ್ಷ. ಸ್ಕೂಲಿನ ಗಂಟೆ ಹೊಡೆಯುವವರೆಗೆ ಅವಳ ಮಡಿಲಿಗೆ ತಲೆ ಇಟ್ಟು, ಅವಳು ಹೊದ್ದ ಕಂಬಳಿಯನ್ನು ನನ್ನ ಮುಖದ ಮೇಲೆ ಎಳೆದುಕೊಂಡು, ನೆಲಕ್ಕೆ ಮೂಗು ತಾಗಿಸಿ ಮಲಗುತ್ತಿದ್ದೆ. ಕೆಳಗೆ ನೆಲದ ಬಿಸಿ, ಮೇಲೆ ಉಣ್ಣೆಯ ಬಿಸಿ, ತಲೆಗೆ ಅಜ್ಜಿಯ ತೊಡೆ. ಅವಳು ನೂಲುವ ಕದಿರು ತಿರುಗುವ ಸದ್ದು ಕೇಳುತ್ತಾ ಕೇಳುತ್ತಾ ಅಲ್ಲೇ ನಿದ್ದೆ ಹೋಗುತ್ತಿದ್ದೆ. ಎಷ್ಟೋ ದಿನ ಎಬ್ಬಿಸಿದರೂ ಏಳುತ್ತಿರಲಿಲ್ಲ, ತಲೆ ಭಾರವಾಗಿ ಸ್ಕೂಲಿನಲ್ಲೂ ತೂಕಡಿಸುತ್ತಿದ್ದೆ. ಸೋಮಾರಿ ಎಂದು ಅಮ್ಮ ಬಯ್ಯುತ್ತಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಮನೆಯಲ್ಲಿ ದೊಡ್ಡ ಕುರಿಗಳು ಅಪ್ಪನವು, ಮರಿಗಳು ಅಜ್ಜಿಯವು. ಕುರಿ ಸಾಕುವವರಲ್ಲಿ ಕೈಗುಣ ಅಂತ ಒಂದು ಮಾತಿದೆ. ಒಬ್ಬರ ಕೈಯಲ್ಲಿ ಮರಿ ಉಳಿಯುತ್ತದೆ, ಇನ್ನೊಬ್ಬರ ಕೈಯಲ್ಲಿ ಉಳಿಯುವುದಿಲ್ಲ. ಅಜ್ಜಿಯ ಕೈಗುಣ ಪಾಪಿರೆಡ್ಡಿಪಟ್ಟಿಯ ಆಚೆಯವರೆಗೂ ಹೆಸರಾಗಿತ್ತು. ಏಳಲಾಗದ ಮರಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಜನ ಬರುತ್ತಿದ್ದರು. ಅವಳು ಅದರ ಬಾಯಿಗೆ ಬೆರಳಿಟ್ಟು, ಕಿವಿಯೊಳಗೆ ಊದಿ, ಎರಡು ದಿನ ಇಟ್ಟುಕೊಂಡು ಕುಣಿಯುವ ಮರಿಯಾಗಿ ವಾಪಸು ಕೊಡುತ್ತಿದ್ದಳು. ಅದೊಂದೇ ವಿಷಯಕ್ಕೆ ಅವಳಿಗೆ ಜಂಬ. ಯಾರಾದರೂ ಹೊಗಳಿದರೆ, ನಂದೇನೈತೆ, ಎಲ್ಲಾ ಕೈಯಿಂದು ಎಂದು ತನ್ನ ಕೈಯನ್ನೇ ಬೇರೆಯವರ ಕೈ ನೋಡಿದಂತೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಕೈಗುಣ ಕೆಟ್ಟರೆ ಮಾತ್ರ ಕಥೆ ಮುಗಿಯಿತು. ಯಾರ ಕೈಯಲ್ಲಾದರೂ ಒಟ್ಟಿಗೆ ಎರಡು ಮೂರು ಮರಿ ಸತ್ತವೆಂದರೆ ಆಮೇಲೆ ಅವರನ್ನು ಯಾರೂ ಮರಿ ಮುಟ್ಟಗೊಡುವುದಿಲ್ಲ. ಹೆಣ್ಣುಮಕ್ಕಳಾದರೆ ಆ ಮಾತು ಹುಡುಗಿಗಿಂತ ಮೊದಲು ಗಂಡಿನ ಊರು ತಲುಪುತ್ತದೆ. ನಮ್ಮೂರಿನಲ್ಲೇ ಹಾಗೆ ಒಬ್ಬಳಿದ್ದಳು. ನೀರಿಗೆ ಹೋದರೆ ಅವಳು ದಾಟುವವರೆಗೆ ಜನ ತಮ್ಮ ಮರಿಗಳನ್ನು ಒಳಗೆ ಕೂಡುತ್ತಿದ್ದರು. ಅವಳು ತಲೆ ತಗ್ಗಿಸಿ ಬೇಗ ಬೇಗ ನಡೆದು ಹೋಗುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು ಮಕ್ಕಳು ಅವಳ ಹಿಂದೆ ಮೇಕೆಯ ಹಾಗೆ ಕೂಗುತ್ತಿದ್ದೆವು. ನಾನೂ ಕೂಗಿದ್ದೇನೆ.

ತಾಯಿಕುರಿಗಳು ಮೇಯಲು ಹೋದಾಗ ಎಳೆಮರಿಗಳನ್ನು ಬಿದಿರಿನ ದೊಡ್ಡ ಬುಟ್ಟಿಯ ಕೆಳಗೆ ಕವುಚಿ ಬಿಡುತ್ತಾರೆ. ನಾಯಿ, ಹದ್ದುಗಳ ಭಯವಿರುವುದಿಲ್ಲ. ಚಳಿಗೆ ಬುಟ್ಟಿಯ ಮೇಲೆ ಕಂಬಳಿ ಹೊದಿಸುತ್ತಾರೆ. ಆದರೆ ಬುಟ್ಟಿಯ ಅಂಚನ್ನು ಒಂದು ಕಡೆ ಎತ್ತಿ, ಕೆಳಗೆ ಮುಷ್ಟಿಗಾತ್ರದ ಕಲ್ಲು ಇಡಬೇಕು. ಅಜ್ಜಿ ಅದನ್ನು ಉಸಿರುಗಲ್ಲು ಎನ್ನುತ್ತಿದ್ದಳು. ನಮ್ಮನೆಯ ಉಸಿರುಗಲ್ಲು ಅವಳ ಮದುವೆಗೂ ಮೊದಲಿನಿಂದ ಇದ್ದದ್ದು, ಹಿಡಿದು ಹಿಡಿದು ನುಣ್ಣಗಾಗಿತ್ತು. ಅನ್ನಕ್ಕೆ ಉಪ್ಪು ಹಾಕುವುದು ಮರೆತರೂ ಕ್ಷಮೆ ಇತ್ತು, ಈ ಕಲ್ಲು ಇಡುವುದು ಮರೆತರೆ ಇರಲಿಲ್ಲ.

ಅದು ಕಾರ್ತಿಕದ ಒಂದು ದಿನ. ಜಿಟಿಜಿಟಿ ಮಳೆ ಹಿಡಿದು ಸ್ಕೂಲಿಗೆ ರಜಾ ಬಿಟ್ಟಿದ್ದರು. ಅಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಅಮ್ಮ ಕಡಲೆಕಾಯಿ ಬಿಡಿಸುವ ಕೂಲಿಗೆ ಹೋಗಿದ್ದಳು. ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದಿದೆ ಎಂದು ಯಾರೋ ಕೂಗಿದರು. ಅಜ್ಜಿ ಡಬ್ಬ ಹಿಡಿದು ಹೊರಟವಳು ಬಾಗಿಲಲ್ಲಿ ನಿಂತು ನನಗೆ ಹೇಳಿದಳು, ಮೂರು ಮರಿ ಕೊಟ್ಟಿಗೆಯಲ್ಲಿ ಬುಟ್ಟಿ ಕೆಳಗಿವೆ, ಹೊರಗೆ ತರಬೇಡ, ಕಲ್ಲು ಮುಟ್ಟಬೇಡ. ಮೂರೂ ಹುಟ್ಟಿ ವಾರವೂ ಆಗಿರಲಿಲ್ಲ. ಅದರಲ್ಲಿ ಕಪ್ಪು ಕಿವಿಯದು ನನ್ನದೆಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ನಾನು ಬುಟ್ಟಿ ಎತ್ತಿ ನೋಡಿದೆ. ಕೊಟ್ಟಿಗೆಯ ನೆಲ ಒದ್ದೆ. ಮೂರೂ ಒಂದಕ್ಕೊಂದು ಅಂಟಿಕೊಂಡು ಗಡಗಡ ನಡುಗುತ್ತಿದ್ದವು. ಕಪ್ಪು ಕಿವಿಯದು ನನ್ನ ಬೆರಳು ಚೀಪಿತು, ಅದರ ಬಾಯೊಳಗೂ ತಣ್ಣಗಿತ್ತು. ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಸಿಟ್ಟು ನನಗೆ ಹುಟ್ಟುತ್ತಲೇ ಬಂದದ್ದು, ಈಗಲೂ ಮೂಗಿನ ತುದಿಯಲ್ಲೇ ಇದೆ. ತಾನು ಮಾತ್ರ ದಿನಾ ಬೆಚ್ಚಗೆ ಕೂರುತ್ತಾಳೆ, ಇವು ಇಲ್ಲಿ ಸಾಯಬೇಕಾ ಅಂದುಕೊಂಡೆ. ಮೂರು ಮರಿಯನ್ನೂ ಕಂಬಳಿಯಲ್ಲಿ ಸುತ್ತಿ, ಬುಟ್ಟಿಯನ್ನು ತಲೆ ಮೇಲೆ ಕವುಚಿಕೊಂಡು, ಕಲ್ಲನ್ನು ಲಂಗದ ಮಡಿಲಲ್ಲಿ ಹಾಕಿಕೊಂಡು ಬೆಚ್ಚಗುಂಡಿಗೆ ಹೋದೆ. ಮಳೆಯಾದ್ದರಿಂದ ಅಲ್ಲಿ ನರಪಿಳ್ಳೆಯೂ ಇರಲಿಲ್ಲ.

ಅಜ್ಜಿಯ ಜಾಗದ ತಗ್ಗಿನಲ್ಲಿ ಮರಿಗಳನ್ನು ಇಟ್ಟು ಬುಟ್ಟಿ ಕವುಚಿದೆ. ಮೇಲೆ ಕಂಬಳಿ ಹೊದಿಸಿದೆ. ಕಲ್ಲನ್ನೂ ಇಟ್ಟೆ, ಸುಳ್ಳಲ್ಲ. ಆದರೆ ಕಲ್ಲು ಇಟ್ಟ ಕಡೆಯಿಂದಲೇ ಗಾಳಿ ಹನಿಯನ್ನು ಒಳಗೆ ಹೊಡೆಯುತ್ತಿತ್ತು, ಮರಿಗಳು ಕೂಗುತ್ತಿದ್ದವು. ನಾನು ಕಲ್ಲು ತೆಗೆದೆ. ಕಂಬಳಿಯ ಅಂಚನ್ನು ಸುತ್ತಲೂ ನೆಲಕ್ಕೆ ಒತ್ತಿದೆ. ಆಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಆಚೆ ಬಂಡೆಯ ಮೇಲೆ ಕೂತು ಕಲ್ಲಾಟ ಆಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಮಲಗಿದವು ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಅಜ್ಜಿಯ ಕೈ ನನಗೂ ಬಂತು ಎಂದು ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಅಜ್ಜಿ ಕೊಟ್ಟಿಗೆ ನೋಡಿ, ಅಲ್ಲಿಂದ ನೇರ ಗುಂಡಿಗೆ ಬಂದಳು. ಮಂಡಿನೋವಿನವಳು ಓಡಿ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬುಟ್ಟಿ ಎತ್ತಿ ಆಚೆ ಎಸೆದಳು. ಮೂರೂ ಮರಿ ಒಂದರ ಮೇಲೊಂದು ತಲೆ ಇಟ್ಟು ಮಲಗಿದ್ದವು. ತುಟಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಮೈ ಬೆಚ್ಚಗಿತ್ತು. ಎಬ್ಬಿಸಬೇಡ ಅಜ್ಜಿ ಎಂದೆ ನಾನು. ಅವಳು ಒಂದನ್ನು ಎತ್ತಿದಳು. ಅದರ ಕುತ್ತಿಗೆ ಜೋತು ಬಿತ್ತು.

ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಹಿಂದೆ ಸರಿದೆ. ಅವಳು ಮರಿಯನ್ನು ಕೆಳಗೆ ಹಾಕಿ ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ನನ್ನ ಬಾಯಿ ತೆರೆಸಿ ತನ್ನ ಮೂಗನ್ನು ನನ್ನ ಬಾಯಿಗೆ ಹತ್ತಿರ ತಂದು ಮೂಸಿದಳು. ನನ್ನ ತುಟಿಯನ್ನು ಹೆಬ್ಬೆರಳಲ್ಲಿ ಅಗಲಿಸಿ ಬಣ್ಣ ನೋಡಿದಳು. ಏನಾದರೂ ಕದ್ದು ತಿಂದೆನಾ ಎಂದು ನೋಡುತ್ತಿದ್ದಾಳೆ ಅಂದುಕೊಂಡೆ ನಾನು. ಆಮೇಲೆ ತಾನು ಕೂರುವ ತಗ್ಗನ್ನು, ನಾನು ದಿನಾ ಮಲಗುತ್ತಿದ್ದ ಜಾಗವನ್ನು ನೋಡುತ್ತಾ ಬಹಳ ಹೊತ್ತು ನಿಂತಳು. ನನ್ನನ್ನು ಸೊಂಟಕ್ಕೆ ಎತ್ತಿಕೊಂಡಳು. ಹತ್ತು ವರ್ಷದ ಕತ್ತೆಯಂಥ ಹುಡುಗಿಯನ್ನು ಆ ಮಂಡಿಯಲ್ಲಿ ಮನೆವರೆಗೂ ಹೊತ್ತುಕೊಂಡು ಬಂದಳು.

ಸಂಜೆ ಅಪ್ಪ ಬಂದ. ಅಜ್ಜಿ ಮೂರು ಮರಿಗಳನ್ನೂ ಗುಂಡಿಯಿಂದ ತಂದು ಅಂಗಳದಲ್ಲಿ ಸಾಲಾಗಿ ಮಲಗಿಸಿದ್ದಳು. ತಾಯಿಕುರಿಗಳು ಬಂದು ಮೂಸಿ ಮೂಸಿ ಅರಚುತ್ತಿದ್ದವು. ಯಾರು ಮಾಡಿದ್ದು ಎಂದು ಅಪ್ಪ ಕೇಳಿದ. ನಾನು ಅಮ್ಮನ ಹಿಂದೆ ನಿಂತಿದ್ದೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ, ದೇವರಾಣೆಗೂ ತೆರೆದೆ.

ಅಷ್ಟರಲ್ಲಿ ಅಜ್ಜಿ, ಒಲೆಗೆ ಸೌದೆ ಹಾಕುತ್ತಿದ್ದವಳು ತಲೆ ಎತ್ತದೆ ಹೇಳಿದಳು. "ನಾನೇ ಕಣಪ್ಪ. ಚಳಿ ಅಂತ ಗುಂಡಿ ಮ್ಯಾಲೆ ಕವುಚಿ ಸೀಮೆಎಣ್ಣೆಗೆ ಓಗಿದ್ದೆ. ಕಲ್ಲು ಇಡೋದು ಮರೆತೆ."

ಅಪ್ಪ ಅವಳ ಮುಖವನ್ನೇ ನೋಡಿದ. ಅವ್ವಾ, ನೀನಾ ಎಂದ. ಅವಳು ಹೂಂ ಎಂದಳು. ನನ್ನ ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು.

ಆಮೇಲೆ ನಡೆದದ್ದೆಲ್ಲ ಸದ್ದಿಲ್ಲದೆ ನಡೆಯಿತು. ಅಪ್ಪ ಅಜ್ಜಿಯನ್ನು ಒಂದು ಮಾತು ಅನ್ನಲಿಲ್ಲ. ಆದರೆ ಮುಂದೆ ಹುಟ್ಟಿದ ಮರಿಯನ್ನು ಅಮ್ಮನ ಕೈಗೆ ಕೊಟ್ಟ. ಅಮ್ಮ ಅತ್ತೆಯ ಕಡೆ ನೋಡಿದಳು, ಅಜ್ಜಿ ಆಚೆ ತಿರುಗಿ ಉಣ್ಣೆ ಬಿಡಿಸತೊಡಗಿದಳು. ಸೈಕಲ್ಲಿನಲ್ಲಿ ಮರಿ ಕಟ್ಟಿಕೊಂಡು ಬರುವವರು ನಿಂತರು. ಒಬ್ಬ ಮಾತ್ರ, ಅವನಿಗೆ ಸುದ್ದಿ ತಿಳಿದಿರಲಿಲ್ಲ, ಬಂದು ಬಾಗಿಲಲ್ಲಿ ನಿಂತ. ಪಕ್ಕದ ಮನೆಯವರು ಅವನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಅವನು ಅಜ್ಜಿಗೆ ನಮಸ್ಕಾರ ಮಾಡಿ, ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ ಎಂದು ಮರಿಯ ಸಮೇತ ಹೊರಟುಹೋದ. ಅವಳು ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ನಾನು ಕಂಬದ ಮರೆಯಿಂದ ನೋಡುತ್ತಿದ್ದೆ. ಆಗಲೂ ಹೇಳಲಿಲ್ಲ.

ಇನ್ನೊಂದು ಬಿಟ್ಟಳು ಅವಳು. ಬೆಚ್ಚಗುಂಡಿಗೆ ಹೋಗುವುದನ್ನೇ ಬಿಟ್ಟಳು. ಆ ಮಾರ್ಗಳಿ ಚಳಿ ಎಂದರೆ ಚಳಿ. ಊರವರಲ್ಲಿ ಕೆಲವರು ಅಲ್ಲಿಗೆ ಹೋಗುತ್ತಲೇ ಇದ್ದರು. ಬಾ ಅಜ್ಜಿ, ನಿನ್ನ ಜಾಗ ಖಾಲಿ ಐತೆ ಎಂದು ಕರೆದರು, ಮುನಿಸಿಕೊಂಡಳು ಎಂದು ಚುಡಾಯಿಸಿದರು. ಅವಳು ಜಗುಲಿಯ ಮೇಲೆ ತಣ್ಣಗಿನ ಕಲ್ಲಿನಲ್ಲಿ ಕೂತು, ಹುರಿದ ಮರಳಿನ ಗಂಟನ್ನು ಮಂಡಿಗೆ ಒತ್ತಿಕೊಂಡು ಹಲ್ಲು ಕಚ್ಚುತ್ತಿದ್ದಳು. ಎರಡು ವರ್ಷಕ್ಕೆ ಕೋಲು ಬಂತು. ಆಮೇಲೆ ಅಂಗಳ ದಾಟುವುದೂ ಕಷ್ಟವಾಯಿತು. ನನಗೂ ಗುಂಡಿಗೆ ಹೋಗುವುದು ಬೇಡವಾಯಿತು. ಅಜ್ಜಿಯಿಲ್ಲದೆ ಅಲ್ಲಿ ಯಾರ ಮಡಿಲಲ್ಲಿ ಮಲಗುವುದು? ಬೆಳಿಗ್ಗೆ ಜಗುಲಿಯಲ್ಲೇ ಅವಳ ಪಕ್ಕ ಕೂರುತ್ತಿದ್ದೆ. ಸ್ಕೂಲಿನಲ್ಲಿ ತೂಕಡಿಕೆ ನಿಂತಿತು. ಅಮ್ಮ, ಹುಡುಗಿಗೆ ಬುದ್ಧಿ ಬಂತು ಎಂದಳು.

ಅವಳ ಆ ಕುಂಟು ನಡಿಗೆ ದಿನಾ ನನ್ನ ಕಣ್ಣೆದುರು. ನನಗದು ಶಿಕ್ಷೆ. ನನಗೋಸ್ಕರ ಸುಳ್ಳು ಹೇಳಿ, ಆ ಸುಳ್ಳಿಗೆ ತಕ್ಕ ನಾಚಿಕೆಯನ್ನೂ ತಾನೇ ಹೊತ್ತು, ಊರವರೆದುರು ಅಲ್ಲಿ ಕೂರಲಾರದೆ ಸಾಯುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ತಪ್ಪು ಮಾಡಿದವರಿಗೆ ಬರುವ ಸಿಟ್ಟು ಇದೆಯಲ್ಲ, ಅದು ಬಹಳ ಕೆಟ್ಟದ್ದು. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವಳು ಜಗುಲಿ ಇಳಿಯಲು ಒದ್ದಾಡುತ್ತಿದ್ದಾಗ, ಗುಂಡಿಗೆ ಹೋಗಿ ಕೂತಿದ್ದರೆ ನಿನ್ನ ಕಾಲು ಹೀಗಾಗುತ್ತಿತ್ತಾ, ಯಾರು ನಿನ್ನನ್ನು ಬೇಡ ಅಂದರು ಎಂದು ಕಿರುಚಿದೆ. ಅವಳು, ಉಣ್ಣೋಗು, ಒಟ್ಟೆ ಅಸಿದೈತೆ ನಿಂಗೆ ಎಂದಳು. ಅಷ್ಟೇ.

ಬೆಚ್ಚಗುಂಡಿಯ ಕಥೆಯೂ ಮುಗಿಯುತ್ತಾ ಬಂತು. ತಾಲ್ಲೂಕು ಆಫೀಸಿನ ಜೀಪು ಬಂದು, ನೆಲದಿಂದ ವಿಷದ ಗಾಳಿ ಬರುತ್ತದೆ, ವಾಸನೆಯಿಂದ ಗೊತ್ತಾಗುವಂಥದ್ದಲ್ಲ, ಅದು ತುಂಬಿಕೊಂಡ ಕಡೆ ಮಲಗಿದವರು ಏಳುವುದಿಲ್ಲ ಎಂದು ಹೇಳಿ, ತಮಿಳಿನಲ್ಲಿ ಅಪಾಯ ಎಂದು ಒಂದು ಬೋರ್ಡು ನೆಟ್ಟು ಹೋಯಿತು. ಮೇಕೆಗಳು ಬೋರ್ಡಿಗೆ ಮೈ ಉಜ್ಜಿ ಅಕ್ಷರ ಅಳಿಸಿದವು. ಆಮೇಲೆ ಟ್ರಾಕ್ಟರಿನಲ್ಲಿ ಕೆಂಪು ಮಣ್ಣು ತಂದು ಮುಚ್ಚಿದರು. ಅದು ಮಣ್ಣಿನ ಕೆಳಗೂ ವರ್ಷಗಟ್ಟಲೆ ಬೇಯುತ್ತಿತ್ತು, ಮಳೆಗಾಲದಲ್ಲಿ ಆವಿ ಬಿಡುತ್ತಿತ್ತು. ಯಾವಾಗ ಆರಿತೋ ಯಾರಿಗೂ ಗೊತ್ತಿಲ್ಲ. ನಾನು ಸೇಲಂನಲ್ಲಿ ಕಾಲೇಜು ಓದುವಾಗ ಒಂದು ಐಪ್ಪಸಿ ತಿಂಗಳಲ್ಲಿ, ದೀಪಾವಳಿಗೆ ಬಂದೆ, ಅಲ್ಲಿ ಮೊಣಕಾಲುದ್ದ ಹುಲ್ಲು ಎದ್ದಿತ್ತು. ಯಾಕೋ ಅಳು ಬಂತು.

ಮದುವೆಯಾಗಿ, ಮಗಳು ಹುಟ್ಟಿ, ಅವಳಿಗೆ ನಾಲ್ಕು ತಿಂಗಳಾದಾಗ ತವರಿಗೆ ಬಂದಿದ್ದೆ. ಅಜ್ಜಿ ಆಗ ಹಾಸಿಗೆ ಹಿಡಿದಿದ್ದಳು. ಮಾತು ಮಾತ್ರ ಹಾಗೇ ಇತ್ತು. ಒಂದು ಮಧ್ಯಾಹ್ನ ತೊಲೆಗೆ ಕಟ್ಟಿದ ಸೀರೆ ತೊಟ್ಟಿಲಲ್ಲಿ ಮಗುವನ್ನು ಮಲಗಿಸಿ, ನೊಣ ಬರದಿರಲಿ ಎಂದು ಸೀರೆಯ ಎರಡು ಅಂಚನ್ನೂ ಸೇರಿಸಿ ಕ್ಲಿಪ್ಪು ಹಾಕಿ, ಅಜ್ಜಿಯ ಮಂಡಿಗೆ ಎಣ್ಣೆ ಉಜ್ಜುತ್ತಾ ಕೂತಿದ್ದೆ. ಅವಳು ಮಲಗಿದಲ್ಲಿಂದಲೇ ತೊಟ್ಟಿಲನ್ನು ನೋಡುತ್ತಿದ್ದಳು. ಕೋಲು ಚಾಚಿ ಸೀರೆಯ ಅಂಚನ್ನು ಎತ್ತಲು ನೋಡಿದಳು. ಕೈ ಸಾಲಲಿಲ್ಲ.

"ಅಂಚು ಎತ್ತು, ಲೇ. ಕೂಸಿಗೆ ಉಸುರು ಬೇಡ್ವಾ?"

ನಾನು ರೇಗಿದೆ. ಸೀರೆಯೊಳಗಿಂದ ಗಾಳಿ ಆಡುತ್ತದೆ, ನೀನು ಸುಮ್ಮನೆ ಮಲಗು, ನನಗೂ ಮಗು ಸಾಕಲು ಬರುತ್ತದೆ ಎಂದೆ. ಹಾಗೆಂದವಳು ಎದ್ದು ಹೋಗಿ ಕ್ಲಿಪ್ಪು ತೆಗೆದೆ. ಮಗಳು ಬಾಯಿ ತೆರೆದು ಮಲಗಿದ್ದಳು. ಅವಳ ತುಟಿ ಗುಲಾಬಿ ಬಣ್ಣಕ್ಕಿತ್ತು, ಎಲ್ಲ ಮಕ್ಕಳ ತುಟಿಯ ಹಾಗೆ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ, ಬಗ್ಗಿ ಬಾಯಿ ಮೂಸಿದೆ. ಹಾಲಿನ ವಾಸನೆ ಬಂತು. ವಾಪಸು ಬಂದು ಅಜ್ಜಿಯ ಪಕ್ಕ ಕುಸಿದು ಕೂತು ಗೊಳೋ ಎಂದು ಅತ್ತೆ. ಕಲ್ಲು ತೆಗೆದದ್ದು ನಾನು, ಕಂಬಳಿ ಒತ್ತಿದ್ದು ನಾನು, ನಿನ್ನ ಕೈಗುಣ ತಿಂದದ್ದು ನಾನು, ಸಂಜೆ ಅಪ್ಪ ಬಂದಾಗ ಹೇಳಿಬಿಡುತ್ತೇನೆ ಎಂದೆ. ನನ್ನಿಂದಾಗಿ ನಾಚಿಕೆಪಟ್ಟು ನೀನು ಗುಂಡಿಗೆ ಹೋಗುವುದನ್ನೂ ಬಿಟ್ಟೆಯಲ್ಲಾ, ಈ ಮಂಡಿ ಹೀಗಾದದ್ದು ನನ್ನಿಂದ ಎಂದೆ.

ಅಜ್ಜಿ ನಕ್ಕಳು. ಹಲ್ಲಿಲ್ಲದ ಬಾಯಿ, ನಗು ಗಾಳಿಯಷ್ಟೇ ಬಂತು.

"ನಾಚ್ಕೆ ಯಾಕೆ ಪಡ್ಲಿ? ಕೈಗುಣ ಓದ್ರೆ ಓಯ್ತು, ಮುದುಕೀದು. ನಿಂದು ಓಗಿದ್ರೆ ನೀ ಎಂಗೆ ಬಾಳ್ತಿದ್ದೆ?"

ಮತ್ತೆ ಯಾಕೆ ಬಿಟ್ಟೆ ಎಂದು ಕೇಳಿದೆ.

ಅವಳು ತೊಟ್ಟಿಲ ಕಡೆ ಕಣ್ಣು ತಿರುಗಿಸಿದಳು. "ಆ ಮರಿಗಳು ಎಂಗೆ ಮಲಗಿದ್ವು ಅಂತ ನೋಡ್ದೆಯಲ್ಲಾ. ನೀನೂ ಅಂಗೇ ಮಲಗ್ತಿದ್ದೆ, ದಿನಾ. ನೆಲಕ್ಕೆ ಮೂತಿ ಇಟ್ಕಂಡು, ಮ್ಯಾಲೆ ನನ್ ಕಂಬಳಿ. ಎಬ್ಬಿಸಿದ್ರೂ ಏಳ್ತಿರ್ಲಿಲ್ಲ. ಆವತ್ತು ನಂಗೆ ತಿಳೀತು, ಯಾಕೆ ಏಳ್ತಿರ್ಲಿಲ್ಲ ಅಂತ."

ಉಸಿರು ತೆಗೆದುಕೊಂಡಳು.

"ನಾ ಅಲ್ಲಿ ಓಗಿ ಕೂತ್ರೆ ನೀ ಬಂದು ಮಲಗ್ತಿದ್ದೆ. ಬ್ಯಾಡ ಅಂದ್ರೆ ಕೇಳೋ ಕೂಸಾ ನೀನು? ಅದಕ್ಕೇ ನಾ ಓಗ್ಲಿಲ್ಲ."

ಆಮೇಲೆ, ಎಣ್ಣೆ ಆರೋಯ್ತದೆ, ಉಜ್ಜು ಎಂದಳು.

ಅಪ್ಪನಿಗೆ ಸಂಜೆ ಹೇಳಿದೆ. ಅವನು ಕೇಳಿಸಿಕೊಂಡು, ಕುರಿದೊಡ್ಡಿಗೆ ಹೋಗಿ, ಹಿಂದಿನ ದಿನ ಹುಟ್ಟಿದ ಮರಿಯೊಂದನ್ನು ತಂದು ಅಜ್ಜಿಯ ಎದೆಯ ಮೇಲೆ ಇಟ್ಟ. ಅವಳು ಅದರ ಬಾಯಿಗೆ ಬೆರಳು ಕೊಟ್ಟಳು. ಅದು ಚೀಪಿತು. ಅವಳು ಇನ್ನೊಂದು ಕೈಯನ್ನು ಎತ್ತಿ ತಿರುಗಿಸಿ ನೋಡಿಕೊಂಡಳು. ಆ ವರ್ಷದ ಮಾರ್ಗಳಿ ಕಳೆಯುವುದರೊಳಗೆ ಹೋಗಿಬಿಟ್ಟಳು.

ಆದರೆ ನನ್ನ ಕೈಗೆ ನೆನಪಿರುವುದು ಅದಕ್ಕೂ ಮುಂಚಿನ ಆ ಮಧ್ಯಾಹ್ನ. ಹೊರಗೆ ಸುಡು ಬಿಸಿಲು, ಮನೆಯೊಳಗೂ ಸೆಕೆ, ಅಂಗೈಯಲ್ಲಿ ಬಿಸಿ ಎಣ್ಣೆ. ಆದರೂ ಅವಳ ಮಂಡಿ ತಣ್ಣಗೇ ಇತ್ತು. ಬೆಚ್ಚಗಾಗಲಿ ಎಂದು ಉಜ್ಜಿದೆ, ಇನ್ನೂ ಉಜ್ಜಿದೆ. ಸಾಕು ಬಿಡು, ಕೈ ನೋಯ್ತದೆ ಎಂದು ಅವಳು ಹೇಳಿದರೂ ನಾನು ಬಿಡಲಿಲ್ಲ.